ತಿದಿಯಕ್ಕನ ಹನ್ನೊಂದು ಕಲ್ಲುಗಳು

ಚರ್ಚಿನ ಆರ್ಗನ್ ನುಡಿಸಿದವರ ಹೆಸರೆಲ್ಲ ಬಾಗಿಲ ಪಕ್ಕದ ಹಲಗೆಯ ಮೇಲಿದೆ. ಗಾಳಿ ಹಾಕಿದವರದು ಒಂದೂ ಇಲ್ಲ. ಇರಲಿ ಬಿಡಿ, ಅಡಿಪಾಯಕ್ಕೆ ಯಾರು ಕೈ ಮುಗಿಯುತ್ತಾರೆ? ಹಡಗಿನಲ್ಲಿ ಪೆಟ್ಟಿಗೆ ಪೆಟ್ಟಿಗೆಯಾಗಿ ಬಂದ ಆ ವಾದ್ಯಕ್ಕೆ ಈಗ ನೂರ ನಲವತ್ತು ವರ್ಷ. ಪೆನ್ಸಿಲ್ಲಿನಷ್ಟು ಸಣ್ಣ ತವರದ ಕೊಳವೆಯಿಂದ ಹಿಡಿದು ಎರಡಾಳೆತ್ತರದ ಮರದ ಕೊಳವೆಯವರೆಗೆ ಒಟ್ಟು ಆರುನೂರ ಹನ್ನೆರಡು. ಅಷ್ಟಕ್ಕೂ ಉಸಿರು ಕೊಡುವುದು ಹಿಂದಿನ ಅಟ್ಟದಲ್ಲಿರುವ, ಮಂಚದಗಲದ ಚರ್ಮದ ತಿದಿ. ಕೆಳಗೆ ನಿಂತು ಅದರ ಮೆಟ್ಟನ್ನು, ಕಾಲಿಂದ ಒತ್ತುವ ಹಲಗೆಯನ್ನು, ಮೂವತ್ತೆರಡು ವರ್ಷ ತುಳಿದವಳು ತಿದಿಯಕ್ಕ. ಅವಳಿಗಿಂತ ಮೊದಲು ಅವಳ ಮಾವ.

ಮಗಳ ಬಾಣಂತನ ಮುಗಿಸಿ ತಿಂಗಳ ಮೇಲೆ ಅವಳು ಬಂದರೆ ಚರ್ಚಿಗೆ ಹೊಸ ಸುಣ್ಣ, ಆರ್ಗನ್ನಿಗೆ ಹೊಸ ನೆಗಡಿ! ಎಷ್ಟು ತುಳಿದರೂ ಗೊರಗೊರ. ಫಾದರ್ ಕರೆಸಿದ ರಿಪೇರಿಯವನು ಬಂದು ಕೇಳಿ ಮುಖ ಸಿಂಡರಿಸಿದ.

"ಕೊಳವೆಗೆ ವಯಸ್ಸಾಯ್ತು, ಫಾದರ್. ಸೋಮವಾರ ಕಿತ್ತುಬಿಡೋಣ. ಕರೆಂಟಿನ ಕೀಬೋರ್ಡ್ ಇಟ್ಕೊಳ್ಳಿ."

"ಕೊಳವೆ ಚೆನ್ನಾಗೇ ಇದೆ. ಕಾಲಿಗೆ ಭಾರ ಸಿಗ್ತಿಲ್ಲ," ಅಂದಳು ತಿದಿಯಕ್ಕ.

"ನೀನು ತುಳಿಯೋದು ನೋಡ್ಕೋ. ಸಂಗೀತ ನಮಗೆ ಬಿಡು," ಅಂದ ರಿಪೇರಿಯವನು.

ಅವಳ ಮೈಯೆಲ್ಲ ಉರಿದುಹೋಯಿತು. ಆನೆ ಭಾರ ಆನೆಗೆ, ಇರುವೆ ಭಾರ ಇರುವೆಗೆ. ತಿದಿಯ ಭಾರ ಇವಳ ಅಂಗಾಲಿಗಲ್ಲದೆ ಇನ್ಯಾರಿಗೆ ಗೊತ್ತು? ಸೆರಗು ಸಿಕ್ಕಿಸಿ ಏಣಿ ಹತ್ತಿದಳು. ತಿದಿಯ ಮೇಲ್ಭಾಗ ಬೋಳು ಬೋಳು! ತುಂಬಿದ ಗಾಳಿಯನ್ನು ಅದುಮಿ ಕೊಳವೆಗೆ ನೂಕುವ ಹನ್ನೊಂದು ಕಲ್ಲುಗಳು, ಒಂದೊಂದರ ಮೇಲೂ ಮಾವ ಉಳಿಯಿಂದ ಅಂಕಿ ಕೆತ್ತಿದ್ದ ಕಲ್ಲುಗಳು, ಮಾಯವಾಗಿದ್ದವು.

"ಫಾದರ್, ಇಲ್ಲಿದ್ದ ಕಲ್ಲುಗಳೆಲ್ಲಿ?"

"ಆ ಹಳೇ ಕಲ್ಲಾ? ಸುಣ್ಣ ಹೊಡೆಸುವಾಗ ಕೆಳಗಿಳಿಸಿದ್ವಿ. ಗುಲಾಬಿ ಪಾತಿ ಸುತ್ತ ಇಟ್ಟಿದ್ದೀನಿ ನೋಡು, ಎಷ್ಟು ಚೆಂದ ಕಾಣ್ತಿದೆ!"

ಅವಳಿಗೆ ಅಳು ನಗು ಒಟ್ಟಿಗೇ ಬಂತು. ಪಾತಿಯ ಬಳಿ ಕೂತು, ಸುಣ್ಣ ಮೆತ್ತಿದ ಕಲ್ಲುಗಳ ಮೇಲೆ ಬೆರಳಾಡಿಸಿ ಅಂಕಿ ಹುಡುಕಿದಳು. ಒಂದು, ಎರಡು... ಹತ್ತು ಸಿಕ್ಕವು. ಹನ್ನೊಂದನೆಯದು ಇಲ್ಲ. ಅದೇ ದೊಡ್ಡದು, ಅದಿಲ್ಲದೆ ದೊಡ್ಡ ಕೊಳವೆ ಬಾಯಿ ಬಿಡುವುದಿಲ್ಲ. ಅಂಗಳವನ್ನೆಲ್ಲ ಜಾಲಾಡಿದಳು. ಕೊನೆಗೆ ಗೇಟಿನ ಇಳಿಜಾರಿನಲ್ಲಿ ಬಗ್ಗಿ ನೋಡಿ, ಎದ್ದು ಸೊಂಟಕ್ಕೆ ಕೈ ಕೊಟ್ಟಳು.

"ರಿಪೇರಿ ಸಾಹೇಬ್ರೇ, ನಿಮ್ಮ ವ್ಯಾನ್ ಸ್ವಲ್ಪ ತೆಗೀತೀರಾ? ಚಕ್ರಕ್ಕೆ ಅಡ್ಡ ಕೊಟ್ಟಿರೋದು ನಮ್ಮ ಆರ್ಗನ್ನಿನ ಜೀವ."

ಫಾದರೇ ತಲೆತಗ್ಗಿಸಿಕೊಂಡು ಆ ಕಲ್ಲು ಹೊತ್ತು ತಂದರು. ಅವಳು ಹನ್ನೊಂದನ್ನೂ ಮಾವ ಕಲಿಸಿದ ಸಾಲಿನಲ್ಲೇ ಜೋಡಿಸಿ, ಕೆಳಗಿಳಿದು ಮೆಟ್ಟಿನ ಮೇಲೆ ಕಾಲಿಟ್ಟಳು. ಅಂಗಾಲಿಗೆ ಭಾರ ಸಿಕ್ಕಿತು.

"ನುಡಿಸಿ, ಫಾದರ್!"

ದೊಡ್ಡ ಕೊಳವೆ ಗುಡುಗಿತು. ಕಿಟಕಿ ಗಾಜುಗಳು ನಡುಗಿದವು, ಬೀದಿಯಲ್ಲಿ ಹೋಗುತ್ತಿದ್ದವರು ಗೇಟಿನ ಬಳಿ ಬಂದು ನಿಂತರು. ತಿದಿಯಕ್ಕನ ಕಣ್ಣಲ್ಲಿ ನೀರು, ಕಾಲು ಮಾತ್ರ ತಾಳ ತಪ್ಪಲಿಲ್ಲ.

ಹಾಡು ಮುಗಿದಾಗ ರಿಪೇರಿಯವನು ಪುಸ್ತಕ, ಪೆನ್ನು ಹಿಡಿದು ಅವಳ ಮುಂದೆ ನಿಂತಿದ್ದ.

"ಅಕ್ಕಾ, ಯಾವ ಕಲ್ಲು ಎಲ್ಲಿಡಬೇಕು, ಸ್ವಲ್ಪ ಹೇಳ್ಕೊಡ್ತೀರಾ?"

"ಕೂತ್ಕೋ," ಅಂದಳು. "ಒಂದರಿಂದ ಶುರು ಮಾಡೋಣ."