ಆ ಫಾರಿನ್ ಹಸು ಬದುಕಿತೇ?

"ಸಾ, ಆ ಫಾರಿನ್ ಅಸ ಬದುಕ್ತಾ?"

ನಂಜನಗೂಡು ತಾಲ್ಲೂಕಿನ ಹದಿನಾರು ಎಂಬ ಊರಿನಲ್ಲಿ ಗಬ್ಬದ ಹಸುವೊಂದನ್ನು ಪರೀಕ್ಷಿಸಿ ಕೈ ತೊಳೆಯುತ್ತಿದ್ದೆ. ಚೊಂಬಿನಿಂದ ನೀರು ಹಾಕುತ್ತಿದ್ದ ಮನೆಯೊಡತಿ ಸಿದ್ದಮ್ಮ ಹೀಗೆ ಕೇಳಿದಾಗ, ಪಶುವೈದ್ಯನಾದ ನನಗೆ ತಲೆಬುಡ ಅರ್ಥವಾಗಲಿಲ್ಲ.

ಅವರು ಟಿವಿಯಲ್ಲಿ ದಿನವೂ ವಿದೇಶಿ ಚಾನೆಲ್ ಒಂದರ ದನದ ಡಾಕ್ಟರ ಕಾರ್ಯಕ್ರಮ ನೋಡುತ್ತಿದ್ದರಂತೆ. ಭಾಷೆ ತಿಳಿಯದಿದ್ದರೂ ದನದ ಕಷ್ಟ ತಿಳಿಯುತ್ತಿತ್ತು. ಒಂದು ಸಂಜೆ ಅದರಲ್ಲಿ ಕರುವಿನ ಮುಂಗಾಲು ಒಳಗೇ ಮಡಚಿಕೊಂಡು, ಹಸು ಈಯಲಾರದೆ ಒದ್ದಾಡುತ್ತಿತ್ತು. ಎಳೆ ವಯಸ್ಸಿನ ಡಾಕ್ಟರಮ್ಮ ತೋಳೇರಿಸುವಷ್ಟರಲ್ಲಿ ಆ ದಿನದ ಕಂತು ಮುಗಿಯಿತು. ಮಾರನೆಯ ದಿನದಿಂದ ಕಾರ್ಯಕ್ರಮವೇ ಇಲ್ಲ. ಯಾವುದೋ ಆ್ಯಪ್‌ನವರು ಅದನ್ನು ತಮಗಷ್ಟೇ ಎಂದು ಕೊಂಡುಕೊಂಡಿದ್ದಾರೆ, ಇನ್ನು ಬೇರೆಲ್ಲೂ ಬರುವುದಿಲ್ಲ ಎಂದು ಕೇಬಲ್‌ನವರು ಹೇಳಿದರಂತೆ.

ನನ್ನ ಫೋನಿನ ಮೂರು ಆ್ಯಪ್‌ಗಳಲ್ಲೂ ಹುಡುಕಿದೆ. ಒಂದರಲ್ಲೂ ಇರಲಿಲ್ಲ. ಕೊನೆಗೆ, ಕರುವನ್ನು ಹಿಂದಕ್ಕೆ ತಳ್ಳಿ, ಗೊರಸನ್ನು ಅಂಗೈಯಲ್ಲಿ ಮುಚ್ಚಿಕೊಂಡು ಕಾಲನ್ನು ಮುಂದಕ್ಕೆ ತರುವ ಬಗೆಯನ್ನು ನಾನೇ ಕೈಯಾಡಿಸಿ ತೋರಿಸಿದೆ.

"ನಿಮ್ಗೆ ಗೊತ್ತದೆ ಸಾ. ಆ ಟೀವಿ ಡಾಕ್ಟ್ರು ಮಗೀಗೆ ಗೊತ್ತಿತ್ತಾ?" ಎಂದರು ಸಿದ್ದಮ್ಮ.

ಕಳೆದ ವಾರ ತಿ. ನರಸೀಪುರದ ಬಳಿಯ ಸೋಸಲೆಯಲ್ಲಿ ನನಗೆ ಅಂಥದೇ ಹೆರಿಗೆ ಎದುರಾಯಿತು. ಕರು ಹೊರಬಂದಿತು, ಹಸು ಎದ್ದು ಅದನ್ನು ನೆಕ್ಕತೊಡಗಿತು. ಅಲ್ಲಿಂದಲೇ ಸಿದ್ದಮ್ಮನವರಿಗೆ ಫೋನ್ ಮಾಡಿ, "ಎರಡೂ ಬದುಕಿದವು ಕಣಮ್ಮ" ಎಂದೆ. ಯಾವ ಊರಿನ ಹಸು ಎಂದು ಹೇಳಲು ಮನಸ್ಸು ಬರಲಿಲ್ಲ.