ಡಿಗ್ರಿ ಬೇಡವೆಂದ ಲೈಬ್ರರಿ

ತಗಡಿನಂಗಡಿಯ ಸೊಸೆ ಕಂಪ್ಯೂಟರ್ ಕಲಿಯಲು ಹೊರಟಾಗ ಆಕೆಯ ಮಗಳೇ ಹೈಸ್ಕೂಲಿಗೆ ಹೋಗುತ್ತಿದ್ದಳು. "ಈ ವಯಸ್ಸಲ್ಲಿ ಯಾಕಮ್ಮ ಇದೆಲ್ಲ?" ಎಂದು ಅತ್ತೆ ಕೇಳಿದ್ದಕ್ಕೆ, "ಮಾವನ ಕಣ್ಣಿಗೆ ಒಂದಿಷ್ಟು ರಜಾ ಕೊಡೋಣ ಅಂತ ಅತ್ತೆ" ಎಂದಳು.

ತಮಾಷೆಯ ಮಾತಾದರೂ ಅದರಲ್ಲಿ ಹುರುಳಿತ್ತು. ಮಾವನ ಕೈಯಲ್ಲಿ ತಗಡು ಬಟ್ಟೆಯಂತೆ ಮಡಚಿಕೊಳ್ಳುತ್ತಿದ್ದ ಕಾಲವೊಂದಿತ್ತು. ಈಗ ಕಣ್ಣು ಮಂಜಾಗಿ, ಕೈವಾರದ ಮುಳ್ಳು ಗುರುತು ಬಿಟ್ಟು ಪಕ್ಕಕ್ಕೆ ಕೂರುತ್ತಿತ್ತು. ಮಗ ತಗಡು ಕತ್ತರಿಸಬಲ್ಲ, ಬಗ್ಗಿಸಬಲ್ಲ, ಬೆಸೆಯಬಲ್ಲ. ಅದರ ಮೇಲೆ ಗೀರು ಎಳೆಯುವುದೊಂದು ಅವನಿಗೆ ಒಲಿಯಲಿಲ್ಲ. ನೆಟ್ಟಗಿನ ಕೊಳವೆಯನ್ನು ಯಾರಾದರೂ ಮಾಡಿಯಾರು. ಹೊಗೆ ಕೊಳವೆ ಮೊಣಕೈಯಂತೆ ತಿರುಗುವ ಕಡೆ ಎರಡು ತುಂಡುಗಳನ್ನು ಓರೆಯಾಗಿ ಕತ್ತರಿಸಿ ಜೋಡಿಸಬೇಕು. ಅಂಗಡಿಯಲ್ಲಿ ಅದಕ್ಕೆ ಎಲ್ಬೋ ಎನ್ನುತ್ತಾರೆ. ಸುತ್ತಿದ ಮೇಲೆ ಓರೆಯಾಗಿ ಕಾಣುವ ಆ ಅಂಚು, ತಗಡು ಚಪ್ಪಟೆಯಾಗಿ ಬಿದ್ದಿರುವಾಗ ಅಲೆಯಂತೆ ಏರಿ ಇಳಿಯುತ್ತದೆ. ಆ ಅಲೆಯನ್ನು ತಪ್ಪಿಲ್ಲದೆ ಗೀರುವುದೇ ಈ ಕಸುಬಿನ ವಿದ್ಯೆ.

ಪಕ್ಕದ ಬೀದಿಯ ಬೇಕರಿಯವನ ಎಲ್ಬೋ ತುಕ್ಕು ಹಿಡಿದು ತೂತಾಗಿತ್ತು. ಅವನದು ಹಳೆಯ ಒಲೆ. ಫ್ಯಾಕ್ಟರಿಯ ಯಾವ ಅಳತೆಯೂ ಅದಕ್ಕೆ ಕೂರದು. ಅವನು ಹಳೆಯ ತುಂಡನ್ನು ಹೊತ್ತು ತಂದಾಗ ಮಾವ ಬಹಳ ಹೊತ್ತು ಅದನ್ನು ಸವರುತ್ತ ಕುಳಿತರು. ಆಮೇಲೆ ಸೊಸೆಯ ಕಡೆ ತಿರುಗಿದರು.

"ಇದನ್ನ ನಿನ್ನ ಯಂತ್ರದಲ್ಲಿ ಗೀರಿ ನೋಡಮ್ಮ. ಕೂತರೆ ಸರಿ. ಕೂರದೇ ಹೋದರೆ ಇನ್ನು ಮೇಲೆ ಕೊಳವೆ ಕೆಲಸ ಒಪ್ಪಿಕೊಳ್ಳೋದು ಬೇಡ. ಬಕೆಟ್ಟು, ಡಬ್ಬ ಸಾಕು ನಮಗೆ."

ಡಬ್ಬ ಎನ್ನುವಾಗ ಅವರ ಮುಖ ಬೇವಿನೆಲೆ ಜಗಿದಂತಾಯಿತು. ಸೊಸೆಗೆ ಅದು ಕಂಡಿತು.

ಅವಳು ಸಂಜೆ ಕಲಿಯಲು ಹೋಗುತ್ತಿದ್ದ ತರಗತಿ ಒಂದು ಔಷಧದಂಗಡಿಯ ಮಹಡಿಯಲ್ಲಿತ್ತು. ಪಾಠ ಹೇಳುವವಳು ಅವಳಿಗಿಂತ ಎಷ್ಟೋ ಚಿಕ್ಕ ಹುಡುಗಿ. ಆದರೂ ಮೇಡಂ ಮೇಡಮ್ಮೇ. ಎಲ್ಬೋದ ಅಲೆಯ ಏರಿಳಿತ ಲೆಕ್ಕ ಹಾಕಲು ಕೊಸೈನ್ ಬೇಕಿತ್ತು. ಸೊಸೆ ಮಗಳ ಗಣಿತದ ಪುಸ್ತಕದ ಕೊನೆಯ ಪುಟಗಳಲ್ಲಿದ್ದ ಕೊಸೈನ್ ಕೋಷ್ಟಕವನ್ನೆಲ್ಲ ಒಂದೊಂದಾಗಿ ತನ್ನ ಪ್ರೋಗ್ರಾಮಿಗೆ ಕುಟ್ಟಿ ತುಂಬಿಸಿದ್ದಳು. ಅದನ್ನು ಕಂಡು ಮೇಡಂ ತಲೆಯ ಮೇಲೆ ಕೈಯಿಟ್ಟುಕೊಂಡಳು.

"ಅಯ್ಯೋ ಅಕ್ಕ, ಇಷ್ಟೆಲ್ಲ ಯಾಕೆ ಕುಟ್ಟಿದಿರಿ? ಗಣಿತಕ್ಕೆ ಅಂತಲೇ ಲೈಬ್ರರಿ ಇದೆಯಲ್ಲ."

"ಹೌದಾ ಮೇಡಂ? ಎಲ್ಲಿದೆ? ಎಷ್ಟು ಗಂಟೆಗೆ ಬಾಗಿಲು ಹಾಕ್ತಾರೆ?"

ಹಿಂದಿನ ಬೆಂಚಿನವರು ನಕ್ಕರು. ಮೇಡಂ ನಗಲಿಲ್ಲ. "ಅದು ಕಂಪ್ಯೂಟರಿನ ಒಳಗೇ ಇರುತ್ತೆ ಅಕ್ಕ. ಬಲ್ಲವರು ಬರೆದು, ಪರೀಕ್ಷೆ ಮಾಡಿ ಇಟ್ಟ ಲೆಕ್ಕಗಳು. ನೀವು ಒಂದು ಸಾಲು ಬರೆದು ಕರೆದರೆ ಬಂದು ಕೆಲಸ ಮಾಡಿಕೊಡುತ್ತೆ."

ಕರೆದರೆ ಬಂದು ಕೆಲಸ ಮಾಡುವವರು ಈ ಕಾಲದಲ್ಲಿಯೂ ಇದ್ದಾರಲ್ಲ ಎಂದು ಸೊಸೆಗೆ ಹಿಗ್ಗಾಯಿತು. ಕುಟ್ಟಿದ್ದನ್ನೆಲ್ಲ ಅಳಿಸಿ ಹಾಕಿದಳು. ಮನೆಯಲ್ಲಿ ಈ ಹೊಸ ಸುದ್ದಿ ಹೇಳಿದರೆ ಅತ್ತೆ, "ಲೈಬ್ರರಿಗೆ ಹೋಗ್ತೀನಿ ಅಂತೀಯ, ಕುರ್ಚಿ ಬಿಟ್ಟು ಏಳೋದೇ ಇಲ್ಲ. ಒಳ್ಳೇ ಲೈಬ್ರರಿ ನಿಂದು" ಎಂದರು.

ಭಾನುವಾರ ಮನೆಯ ಕಂಪ್ಯೂಟರಿನಲ್ಲಿ ಪ್ರೋಗ್ರಾಮು ಮೊದಲ ಸಲ ಓಡಿತು. ಕೊಳವೆಯ ಸುತ್ತಳತೆಯುದ್ದಕ್ಕೂ ಅಂಚು ಎಲ್ಲೆಲ್ಲಿ ಎಷ್ಟೆಷ್ಟು ಎತ್ತರವಿರಬೇಕೆಂದು ಅಂಕಿಗಳು ಬಂದವು. ಸೊಸೆ ದಪ್ಪ ಕಾಗದದ ಮೇಲೆ ಚುಕ್ಕೆ ಇಟ್ಟಳು. ಮೊದಲ ಚುಕ್ಕೆ ಇರಬೇಕಾದ ಕಡೆಯೇ ಇತ್ತು. ಎರಡನೆಯದು ಕೆಳಕ್ಕೆ ಬಿತ್ತು, ಮೂರನೆಯದು ಪಾತಾಳಕ್ಕೆ ಇಳಿಯಿತು, ಆಮೇಲೆ ಒಂದು ಥಟ್ಟನೆ ಮೇಲಕ್ಕೆ ನೆಗೆಯಿತು. ಕಪ್ಪೆ ಕುಪ್ಪಳಿಸಿದಂತಿದ್ದ ಆ ಚುಕ್ಕೆಗಳನ್ನು ಅವಳು ನಂಬಿಕೆಯಿಂದ ಸೇರಿಸಿ, ಕತ್ತರಿಸಿ, ಕಾಗದವನ್ನು ಸುತ್ತಿ ಮಾವನ ಕೈಗೆ ಕೊಟ್ಟಳು.

ಮಾವ ಅದರ ಅಂಚನ್ನು ಬೆರಳಿನಿಂದ ಮುಟ್ಟುತ್ತ ಹೋದರು. "ಬೇಕರಿಯವನು ಕಿರೀಟ ಬೇಕು ಅಂದಿದ್ದನೇನೋ?" ಎಂದರು ಮೆಲ್ಲಗೆ.

ಗಂಡ ಗೊಳ್ಳೆಂದು ನಕ್ಕುಬಿಟ್ಟ. "ಲೈಬ್ರರೀಲೇ ಏನೋ ತಪ್ಪಿದೆ ಕಣ್ರೀ" ಎಂದಳು ಅವಳು.

"ಹೌದು ಹೌದು, ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ."

ಅವಳಿಗೆ ನಗು ಬಂದರೂ ಒಳಗೆ ಚುರುಕ್ಕೆಂದಿತು. ಮಾವ ಆ ಕಿರೀಟವನ್ನು ಎಸೆಯದೆ ಪಕ್ಕದಲ್ಲಿಟ್ಟು, ಡಬ್ಬವೊಂದರ ಮುಚ್ಚಳ ಬಡಿಯಲು ತೊಡಗಿದ್ದರು. ಹೀಗೇ ಬಿಟ್ಟರೆ ಇನ್ನು ದಿನವೂ ಇದೇ ಸದ್ದು ಎನ್ನಿಸಿತು.

ಮರುದಿನ ಮೇಡಂ ಕಿರೀಟದ ಕಥೆ ಕೇಳಿ, "ಗೊತ್ತಿಲ್ಲದ್ದನ್ನ ಕೇಳೋ ಮೊದಲು, ಉತ್ತರ ಗೊತ್ತಿರೋ ಪ್ರಶ್ನೆ ಕೇಳಬೇಕು ಅಕ್ಕ. ಅರವತ್ತು ಡಿಗ್ರಿಯ ಕೊಸೈನ್ ಎಷ್ಟು?" ಎಂದಳು.

"ಅರ್ಧ. ಮಗಳಿಗೆ ನಾನೇ ಬಾಯಿಪಾಠ ಮಾಡಿಸಿದ್ದೀನಿ."

"ನಿಮ್ಮ ಲೈಬ್ರರಿಯನ್ನ ಕೇಳಿ."

ಕೇಳಿದಳು. ಅರ್ಧವಿರಲಿ, ಸೊನ್ನೆಗಿಂತಲೂ ಕೆಳಗಿನ ಸಂಖ್ಯೆಯೊಂದು ಬಂದು ಕುಳಿತಿತು.

"ನೋಡಿದಿರಾ? ಅದು ಡಿಗ್ರಿ ಲೆಕ್ಕ ತಗೊಳ್ಳಲ್ಲ. ಅದರದ್ದು ರೇಡಿಯನ್." ಮೇಡಂ ತನ್ನ ಚೀಲದ ದಾರವನ್ನು ಬಿಚ್ಚಿ, ನೀರಿನ ಬಾಟಲಿಯ ಮುಚ್ಚಳದ ನಡುವಿನಿಂದ ಅಂಚಿನವರೆಗಿನ ಉದ್ದ ಹಿಡಿದಳು. ಅಷ್ಟೇ ಉದ್ದವನ್ನು ಮುಚ್ಚಳದ ಅಂಚಿನ ಮೇಲೆ ಬಾಗಿಸಿಟ್ಟಳು. "ಈ ದಾರ ಅಂಚಿನ ಮೇಲೆ ಎಷ್ಟು ದೂರ ಹೋಯಿತೋ ಅಷ್ಟಕ್ಕೆ ಒಂದು ರೇಡಿಯನ್. ನೀವು ಅರವತ್ತು ಅಂದ್ರಿ. ಅದು ದಾರವನ್ನ ಅರವತ್ತು ಸಲ ಇಟ್ಟು, ಸುತ್ತು ಮೇಲೆ ಸುತ್ತು ಹೊಡೆದು ಎಲ್ಲೋ ನಿಂತಿತು. ಪಾಪ, ಅದರ ತಪ್ಪಿಲ್ಲ. ಡಿಗ್ರಿಯನ್ನ ರೇಡಿಯನ್ ಮಾಡಿಕೊಡೋದೂ ಅದೇ ಲೈಬ್ರರಿಯಲ್ಲಿದೆ. ಮೊದಲು ಅದನ್ನ ಕರೀರಿ."

ಕರೆದಳು. ಈ ಸಲ ಅರ್ಧ ಬಂತು. ಆದರೆ ಸೊನ್ನೆಗಳ ಸಾಲು ಮುಗಿದು ಕಟ್ಟಕಡೆಗೆ ಒಂದು 'ಒಂದು' ನಿಂತಿತ್ತು.

"ಇದೇನು ಮೇಡಂ ಬಾಲ?"

"ಕಂಪ್ಯೂಟರ್ ಲೆಕ್ಕದ ಧೂಳು ಅಕ್ಕ. ಒರೆಸಿಬಿಡಿ."

ಮನೆಗೆ ಬಂದವಳೇ, "ಮಾವ, ಆ ಲೈಬ್ರರಿಗೆ ಡಿಗ್ರಿ ಬೇಡವಂತೆ" ಎಂದಳು.

"ಒಳ್ಳೇದಾಯಿತು. ಈ ಮನೇಲಿ ಯಾರ ಹತ್ತಿರ ಇದೆ?" ಎಂದರು ಮಾವ. ಬಾಲದ ವಿಷಯ ಕೇಳಿ, "ಅಷ್ಟು ಸಣ್ಣದನ್ನ ನನ್ನ ಕತ್ತರಿ ಮೂಸಿಯೂ ನೋಡಲ್ಲ ಬಿಡು" ಎಂದರು.

ಹೊಸ ಕಾಗದದ ಮೇಲೆ ಚುಕ್ಕೆಗಳು ಈ ಬಾರಿ ಸೌಮ್ಯವಾಗಿ ಇಳಿದು, ಮತ್ತೆ ಏರಿದವು. ಸುತ್ತಿ ಹಿಡಿದರೆ ಅಂಚು ಚಾಕುವಿನಿಂದ ಕೊಯ್ದಂತೆ ಓರೆಯಾಗಿತ್ತು. ಮಾವ ಅದರ ಮೇಲೆ ಬೆರಳಾಡಿಸಿದರು, ಮತ್ತೊಮ್ಮೆ ಆಡಿಸಿದರು.

"ಅಲೆ ಸರಿಯಿದೆ. ಮಡಿಕೆಗೆ ಜಾಗ ಎಲ್ಲಿ?"

ಸೊಸೆ ಪೆಚ್ಚಾದಳು. ಒಂದು ತುಂಡಿನ ಅಂಚನ್ನು ಇನ್ನೊಂದರ ಮೇಲೆ ಮಡಚಿ ಬಡಿಯಲು ತಗಡು ಹೆಚ್ಚಿಗೆ ಬಿಡಬೇಕೆಂಬುದನ್ನು ಲೈಬ್ರರಿಯೂ ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ. ಮಾವ ತಮ್ಮ ಕಿರುಬೆರಳನ್ನು ಅಂಚಿಗೆ ಸೇರಿಸಿಟ್ಟು, "ಇಷ್ಟು ಬಿಡು, ಸುತ್ತಲೂ" ಎಂದರು. ಅವಳು ಬೆರಳಿನ ಅಗಲಕ್ಕೆ ಅಳತೆಪಟ್ಟಿ ಹಿಡಿದು, ಆ ಅಂಕಿಯನ್ನೂ ಪ್ರೋಗ್ರಾಮಿಗೆ ಸೇರಿಸಿದಳು. ಗಂಡ ತಗಡು ಕತ್ತರಿಸಿದ, ಸುತ್ತಿದ, ಬಡಿದ. ಈ ಸಲ ಗಾದೆ ಹೇಳಲಿಲ್ಲ.

ಬೇಕರಿಯಲ್ಲಿ ಎಲ್ಬೋವನ್ನು ಮೇಲಕ್ಕೆತ್ತಿ ಒಂದು ಸುತ್ತು ತಿರುಗಿಸಿ ಒತ್ತಿದಾಗ ಅದು ಗೊಣಗದೆ ಕುಳಿತುಕೊಂಡಿತು. ಬೇಕರಿಯವನು ಒಲೆ ಹೊತ್ತಿಸಿದ. ಮಾವ ಜೋಡಣೆಯ ಸುತ್ತ ಅಂಗೈ ಆಡಿಸುತ್ತ, ಎಲ್ಲಾದರೂ ಹೊಗೆ ಸೋರುತ್ತಿದೆಯೇ ಎಂದು ಮೂಗಿನಿಂದ ನೋಡಿದರು. ಎಲ್ಲಿಯೂ ಇರಲಿಲ್ಲ.

"ಹಿಂದುಗಡೆ ಇನ್ನೊಂದು ಒಲೆ ಇಡಬೇಕು ಅಂತಿದೀನಿ, ಅದರ ಕೊಳವೆ ತೊಲೆ ತಪ್ಪಿಸಿ ನಿಧಾನಕ್ಕೆ ತಿರುಗಬೇಕು. ಮೂರು ತುಂಡಿನ ಎಲ್ಬೋ ಬೇಕಾಗುತ್ತೆ. ಆಗುತ್ತಾ ಯಜಮಾನರೇ?" ಎಂದು ಬೇಕರಿಯವನು ಕೇಳಿದ.

ಮಾವ ಸೊಸೆಯ ಕಡೆ ನೋಡಿದರು. ಅವಳು ಆಗಲೇ ಅಳತೆಪಟ್ಟಿ ಹಿಡಿದು ಹಿಂದಿನ ಬಾಗಿಲ ಕಡೆ ಹೊರಟಿದ್ದಳು.

"ಆಗುತ್ತೆ. ಆ ತೊಲೆ ಎಲ್ಲಿದೆ ತೋರಿಸು" ಎಂದು ಮಾವ ಅವಳ ಹಿಂದೆಯೇ ನಡೆದರು.