ಇದ್ವಲ್ ಎತ್ತಿ ಹಿಡಿದ ದೀಪ

ಕಲ್ಲಿದ್ದಲು ಗಣಿಗಳ ನಮ್ಮ ಕಣಿವೆಯಲ್ಲಿ ಬೀದಿಗೆ ನಾಲ್ಕು ಮನೆಯವರ ಅಡ್ಡಹೆಸರು ಪ್ರೋಸರ್. ಹಾಗಾಗಿ ಮನುಷ್ಯನನ್ನು ಗುರುತಿಸುವುದು ಕಸುಬಿನಿಂದ. ನಟ ಇದ್ವಲ್ ಪ್ರೋಸರ್‌ಗೆ ಊರು ಇಟ್ಟ ಹೆಸರು ‘ಹೆಣದ ಇದ್ವಲ್’.

ಕಾರ್ಮಿಕರ ಸಭಾಭವನದ ರಂಗದ ಮೇಲೆ ಅವನು ಅರಸನಾಗಿದ್ದ, ಪಾದ್ರಿಯಾಗಿದ್ದ, ಕುರುಡನಾಗಿದ್ದ. ಟೆಲಿವಿಷನ್ನಿನವರಿಗೆ ಮಾತ್ರ ಆ ಅಗಲ ಮುಖದಲ್ಲಿ ಕಂಡದ್ದು ಹೆಣ ಒಂದೇ. ಮೂವತ್ತೊಂದು ವರ್ಷ ಪ್ರತಿ ಧಾರಾವಾಹಿಯ ಮೊದಲ ಹತ್ತು ನಿಮಿಷದಲ್ಲೇ ಸತ್ತ.

“ಏನಯ್ಯಾ, ಈ ಸಲ ಎಷ್ಟು ನಿಮಿಷ ಬದುಕಿರ್ತೀಯ?” ಎಂದು ಕಟುಕ ಗೆಥಿನ್ ಅಂಗಡಿ ತುಂಬ ಕೇಳುವಂತೆ ಹಂಗಿಸುತ್ತಿದ್ದ.

ಐವತ್ತೆಂಟನೆಯ ವಯಸ್ಸಿಗೆ ಕೊನೆಗೂ ಹೆಸರಿರುವ ಪಾತ್ರ ಸಿಕ್ಕಿತು. ಗಣಿಸ್ಫೋಟದ ಧಾರಾವಾಹಿ, ಆರು ಕಂತು. ವಿಚಾರಣೆಯಲ್ಲಿ ಮುದಿ ಗಣಿಗಾರ ಸಾಕ್ಷಿ ಹೇಳಬೇಕು: ಸತ್ತ ನನ್ನ ತಮ್ಮನೇ ಹೊಗೆಸೊಪ್ಪಿನ ಪೈಪು ಹಚ್ಚಲು ಗಣಿದೀಪ ಬಿಚ್ಚಿದ, ಅದರ ಜ್ವಾಲೆ ಅನಿಲಕ್ಕೆ ತಗುಲಿಯೇ ಗಣಿ ಸಿಡಿಯಿತು.

ನಮ್ಮ ಗಣಿ ಸಿಡಿದಾಗಲೂ ತಪ್ಪು ಬಿದ್ದದ್ದು ಸತ್ತವರ ಮೇಲೆಯೇ. ಸತ್ತವರು ವಕೀಲರನ್ನು ಇಡುವುದಿಲ್ಲವಲ್ಲ!

ಚಿತ್ರೀಕರಣ ನಮ್ಮ ಸಭಾಭವನದಲ್ಲೇ ನಡೆಯಿತು. ಜನರ ಗುಂಪಾಗಿ ಕೂತವರು ನಮ್ಮೂರಿನ ಮಾಜಿ ಗಣಿಗಾರರೇ; ಮೂರನೆಯ ಸಾಲಿನಲ್ಲಿ ನಾನೂ ಇದ್ದೆ. ತಮ್ಮ ದೀಪ ಬಿಚ್ಚಿದ ಎನ್ನುವ ಮಾತು ಬಂದಲ್ಲಿ ಇದ್ವಲ್ ತಡೆದು ನಿಂತುಬಿಟ್ಟ. ಮೂರು ಸಲವೂ ಅಷ್ಟೇ. ಮಾತು ಮರೆತುಹೋಯಿತೇ ಎಂದು ಎಳೆಯ ನಿರ್ದೇಶಕ ವಿನಯದಿಂದಲೇ ಕೇಳಿದ.

ಇದ್ವಲ್ ಮೇಜಿನ ಮೇಲಿದ್ದ ದೀಪವನ್ನು ಅವನ ಕೈಗಿತ್ತ. ಗೆಥಿನ್‌ನ ಮನೆಯಿಂದ ತಂದ ಅಸಲಿ ಗಣಿದೀಪ ಅದು.

“ಇದನ್ನ ಬಿಚ್ಚು, ಮಗಾ.”

ನಿರ್ದೇಶಕ ತಿರುಗಿಸಿದ, ತಿರುಚಿದ, ಮೊಣಕಾಲಿಗೆ ಆನಿಸಿ ಒತ್ತಿದ.

“ಬರ್ತಿಲ್ಲ,” ಎಂದ.

“ಬರಲ್ಲ. ನಮ್ಮಪ್ಪ ಗಣಿ ಬಾಯಲ್ಲಿದ್ದ ದೀಪದ ಕೋಣೇಲಿ ಕೆಲಸಕ್ಕಿದ್ದ, ಕೆಳಗಿಳಿಯೋರಿಗೆ ಇದಕ್ಕೆ ಬೀಗ ಜಡಿದು ಕೊಡ್ತಿದ್ದ. ಬಿಚ್ಚೋ ಸಾಧನ ಮೇಲಿರ್ತಿತ್ತು, ಕಂಪನಿ ಹತ್ರ. ಕೆಳಗಿರೋನು ಹಲ್ಲಲ್ಲಿ ಕಚ್ಚಿದ್ರೂ ಬಿಚ್ಚಲ್ಲ. ಆ ಮಾತು ನಾನಾಡಲ್ಲ. ಬೇಕಾದ್ರೆ ಮೊದಲನೇ ಕಂತಲ್ಲೇ ಸಾಯ್ಸಿಬಿಡಿ, ಅಭ್ಯಾಸ ಇದೆ.”

ಬೇರೆ ನಟರಿಗೇನು ಬರವೇ ಎಂದ ನಿರ್ಮಾಪಕ. ನಲವತ್ತು ಮುದುಕರು ಟೋಪಿ ಹಾಕಿಕೊಂಡು ಹೊರಡಲು ಎದ್ದು ನಿಂತರು. ನಾನೂ ಎದ್ದೆ. ಜನರಿಲ್ಲದೆ ವಿಚಾರಣೆಯ ದೃಶ್ಯ ತೆಗೆಯುವುದು ಹೇಗೆ?

ನಿರ್ದೇಶಕ ದೀಪವನ್ನು ಇನ್ನೊಮ್ಮೆ ತಿರುಗಿಸಿ ನೋಡಿದ. ಆಮೇಲೆ ಪೆನ್ನು ತೆಗೆದು ಆ ಸಾಲನ್ನು ಹೊಡೆದುಹಾಕಿದ. ಈಗ ಹೇಳಿದ್ದನ್ನೇ ಸಾಕ್ಷಿಕಟ್ಟೆಯಲ್ಲಿ ಹೇಳಿ ಎಂದ.

ಇದ್ವಲ್ ದೀಪ ಎತ್ತಿ ಹಿಡಿದು ಹೇಳಿದ, ಒಂದೇ ಸಲಕ್ಕೆ. ಯಾರೂ ಹೇಳಿಕೊಡದೆಯೇ, ಸತ್ತವರ ಗೌರವಕ್ಕೆ ನಲವತ್ತು ಟೋಪಿಗಳು ತಲೆಯಿಂದ ಕೆಳಗಿಳಿದವು. ಕ್ಯಾಮೆರಾ ಅದನ್ನೂ ಹಿಡಿಯಿತು. ದೇಶವೆಲ್ಲ ನೋಡಿತು.

ಆರೂ ಕಂತು ಇದ್ವಲ್ ಬದುಕಿದ್ದ. ಕೊನೆಯ ಕಂತಿನ ಮರುದಿನ ಅವನು ಅಂಗಡಿಯ ಸಾಲಿನಲ್ಲಿ ನಿಂತಾಗ ಗೆಥಿನ್ ಕತ್ತಿ ಕೆಳಗಿಟ್ಟು, ಏಪ್ರನ್ನಿಗೆ ಕೈ ಒರೆಸಿಕೊಂಡ.

“ದೀಪದ ಇದ್ವಲ್‌ಗೆ ಏನ್ ಕೊಡ್ಲಿ?”

ಸಾಲಿನಲ್ಲಿ ಯಾರೂ ನಗಲಿಲ್ಲ. ಇದ್ವಲ್ ಮಾಮೂಲಿನಂತೆ ಅರ್ಧ ಕಿಲೋ ಸಾಸೇಜ್ ಕೇಳಿದ.